ಮಾವನ ಮೆನುವಿಗೆ ‘ಪ್ರಸಂಗ’ ಎಂಬ ಹೊಸ ವಿಭಾಗ

2024ರ ದಸರೆ ರಜೆಯಲ್ಲಿ ಹೊನ್ನಾವರದ ಕಡೆಯ ಮಾವನ ಮನೆಗೆ ಹೋಗಿದ್ದೆ. ಅವರ ಲ್ಯಾಪ್‌ಟಾಪಿನ ಪರದೆಯ ಅಂಚಿಗೆ ಒಂದು ಚೀಟಿ ಅಂಟಿಕೊಂಡಿತ್ತು. ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಯಾವ ಕೆಲಸದ ತಂತ್ರಾಂಶ ಮೆನುವಿನ ಯಾವ ಗುಂಪಿನಲ್ಲಿದೆ ಎಂದು ದುಂಡಗಿನ ಅಕ್ಷರಗಳಲ್ಲಿ ಮಾವ ಬರೆದುಕೊಂಡಿದ್ದರು: ‘ಪುಟ ತೆಗೆಯುವುದು: ಗ್ರಾಫಿಕ್ಸ್. ಅಂಚು ಕತ್ತರಿಸುವುದು: ಗ್ರಾಫಿಕ್ಸ್, ನರಿಯ ಮುಖ. ಬರೆಯುವುದು: ಆಫೀಸ್, ನೀಲಿ ಹಾಳೆ. ಧ್ವನಿ: ಮಲ್ಟಿಮೀಡಿಯಾ, ಹೆಡ್‌ಫೋನ್. ಕಪಾಟು: ಎಡಗಡೆ ಮೇಲೆ.’

ಮಾವ ನಿವೃತ್ತ ಕನ್ನಡ ಮಾಸ್ತರು. ಅಜ್ಜ ಕೈಯಾರೆ ನಕಲು ಮಾಡಿಟ್ಟ ಯಕ್ಷಗಾನ ಪ್ರಸಂಗಗಳ ಹದಿನಾಲ್ಕು ನೋಟ್‌ಬುಕ್ಕುಗಳು ಅವರ ಬಳಿ ಇವೆ. ಒಂದೊಂದೇ ಪುಟವನ್ನು ಸ್ಕ್ಯಾನ್ ಮಾಡಿ, ಅಂಚು ಸವರಿ, ಪದ್ಯಗಳನ್ನು ರಾಗ ತಾಳದ ಸಮೇತ ಬೆರಳಚ್ಚು ಮಾಡಿ, ಪಿಡಿಎಫ್ ಮಾಡಿಟ್ಟುಕೊಳ್ಳುವುದು ಅವರ ದಿನನಿತ್ಯದ ಕೆಲಸ. ಆ ಯಂತ್ರಕ್ಕೆ ಡೆಬಿಯನ್ 12 ಎಂಬ ಲಿನಕ್ಸ್ ವ್ಯವಸ್ಥೆಯನ್ನೂ ಅದರ ಮೇಲೆ ಮೆನು, ಕಿಟಕಿಗಳನ್ನು ತೋರಿಸುವ ಎಕ್ಸ್‌ಎಫ್‌ಸಿಇ 4.18 ಡೆಸ್ಕ್‌ಟಾಪನ್ನೂ ಹಾಕಿಕೊಟ್ಟವನು ನಾನು. ನಾಲ್ಕು ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪಿಗೆ ಅದು ಹಗುರ. ಕನ್ನಡ ಬೆರಳಚ್ಚಿಗೆ ಕೆಜಿಪಿ ವಿನ್ಯಾಸದ ಕೀಲಿಮಣೆಯನ್ನು ಐಬಸ್ ಎಂಬ ತಂತ್ರಾಂಶದ ಮೂಲಕ ಜೋಡಿಸಿದ್ದೆ. ಲೋಹಿತ್, ನವಿಲು, ಗುಬ್ಬಿ ಅಕ್ಷರಶೈಲಿಗಳನ್ನೂ ಹಾಕಿದ್ದೆ. ಮೆನುವನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟಿದ್ದೆ. ಆ ಚೀಟಿ ನೋಡಿದ ಮೇಲೆ ಹಾಗೆ ಬಿಡುವುದು ಸರಿಯಲ್ಲ ಅನ್ನಿಸಿತು.

‘ಪುಸ್ತಕದ ಪುಟ ತೆಗೆಯುವ ಯಂತ್ರ ಚಿತ್ರಕಲೆಯ ಗುಂಪಿನಲ್ಲಿ ಯಾಕಿದೆ ಮಾರಾಯ?’ ಎಂದು ಮಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಲಿನಕ್ಸ್ ಡೆಸ್ಕ್‌ಟಾಪುಗಳ ಮೆನು ಫ್ರೀಡೆಸ್ಕ್‌ಟಾಪ್ ಡಾಟ್ ಆರ್ಗ್ ಎಂಬ ಯೋಜನೆ ರೂಪಿಸಿದ ಒಂದು ನಿಯಮಾವಳಿಯ ಪ್ರಕಾರ ನಡೆಯುತ್ತದೆ. ಮೆನುವಿನಲ್ಲಿ ಕಾಣುವ ಪ್ರತಿ ತಂತ್ರಾಂಶವೂ ತನ್ನ ಜೊತೆಗೆ ಡಾಟ್ ಡೆಸ್ಕ್‌ಟಾಪ್ ಎಂದು ಕೊನೆಗೊಳ್ಳುವ ಒಂದು ಪುಟ್ಟ ಪಠ್ಯ ಕಡತವನ್ನು ತರುತ್ತದೆ. ಹೆಸರು, ಐಕಾನ್, ಓಡಿಸಬೇಕಾದ ಆಜ್ಞೆಗಳ ಜೊತೆ ‘ಕ್ಯಾಟಗರೀಸ್’ ಎಂಬ ಸಾಲೊಂದು ಅದರಲ್ಲಿರುತ್ತದೆ. ಆಫೀಸ್, ಗ್ರಾಫಿಕ್ಸ್, ನೆಟ್‌ವರ್ಕ್, ಎಜುಕೇಶನ್, ಗೇಮ್, ಯುಟಿಲಿಟಿ ಇತ್ಯಾದಿ ಕೆಲವು ಮುಖ್ಯ ವರ್ಗಗಳಿವೆ. ಅವುಗಳ ಅಡಿಯಲ್ಲಿ ನೂರಕ್ಕೂ ಹೆಚ್ಚು ಉಪವರ್ಗಗಳು. ‘ಸ್ಕ್ಯಾನಿಂಗ್’ ಗ್ರಾಫಿಕ್ಸ್‌ಗೆ ಸೇರಿದ್ದು ಎಂದು ನಿಯಮಾವಳಿಯೇ ಹೇಳುತ್ತದೆ. ಅಕ್ಷರ ಗುರುತಿಸುವ ಓಸಿಆರ್ ಕೂಡ ಅಲ್ಲೇ. ಚಿತ್ರ ಬರೆಯುವ ಲಿಬ್ರೆಆಫೀಸ್ ಡ್ರಾ ತನ್ನ ಸಾಲಿನಲ್ಲಿ ಆಫೀಸ್ ಮತ್ತು ಗ್ರಾಫಿಕ್ಸ್ ಎರಡನ್ನೂ ಬರೆದುಕೊಂಡಿರುವುದರಿಂದ ಎರಡು ಕಡೆಯೂ ಕಾಣಿಸಿಕೊಳ್ಳುತ್ತದೆ.

ಈ ವಿಂಗಡಣೆ ಉಪಕರಣದ ಜಾತಿಯನ್ನು ನೋಡಿ ಮಾಡಿದ್ದು. ಬಡಗಿಯ ಮನೆಯಲ್ಲಿ ಉಳಿಗಳೆಲ್ಲ ಒಂದು ಪೆಟ್ಟಿಗೆ, ಗರಗಸಗಳೆಲ್ಲ ಇನ್ನೊಂದು ಪೆಟ್ಟಿಗೆ ಎಂದಿಟ್ಟ ಹಾಗೆ. ಮಾವನಿಗೆ ಬೇಕಾದದ್ದು ಇವತ್ತಿನ ಕೆಲಸಕ್ಕೆ ಬೇಕಾದ ಉಳಿ, ಗರಗಸ, ಸುತ್ತಿಗೆ ಮೂರೂ ಒಂದೇ ಕಡೆ, ಕೈಗೆ ಸಿಗುವ ಕ್ರಮದಲ್ಲಿ ಇರುವುದು.

ಮುಂದೆ ಹೋಗುವ ಮೊದಲು ಒಂದು ಮಾತು. ಓದಲು ಅನುಕೂಲವಾಗಲೆಂದು ಇಲ್ಲಿ ಕಡತಗಳ ಹೆಸರುಗಳನ್ನೂ ಗುರುತುಗಳನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಕಡತದೊಳಗೆ ಅವು ಇಂಗ್ಲಿಷ್ ಅಕ್ಷರಗಳಲ್ಲಿ, ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸದ ಸಮೇತ ಇರಬೇಕು.

ಮೊದಲ ಸಂಜೆ ನಾನು ಹಿಡಿದದ್ದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ವ್ಯವಸ್ಥೆಯ ಡಾಟ್ ಡೆಸ್ಕ್‌ಟಾಪ್ ಕಡತಗಳು ‘ಯುಎಸ್‌ಆರ್’ ಒಳಗಿನ ‘ಶೇರ್’, ಅದರೊಳಗಿನ ‘ಅಪ್ಲಿಕೇಶನ್ಸ್’ ಫೋಲ್ಡರಿನಲ್ಲಿರುತ್ತವೆ. ಬಳಕೆದಾರನ ಮನೆ ಫೋಲ್ಡರಿನ ‘ಡಾಟ್ ಲೋಕಲ್’, ‘ಶೇರ್’, ‘ಅಪ್ಲಿಕೇಶನ್ಸ್’ ಎಂಬ ಜಾಗದಲ್ಲಿ ಅದೇ ಹೆಸರಿನ ಕಡತವಿದ್ದರೆ ಅದಕ್ಕೇ ಮನ್ನಣೆ. ಹಾಗಾಗಿ ಸ್ಕ್ಯಾನರ್, ಚಿತ್ರ ತಿದ್ದುವ ಗಿಂಪ್ (ಚೀಟಿಯ ‘ನರಿಯ ಮುಖ’), ಬರೆಯುವ ಲಿಬ್ರೆಆಫೀಸ್ ರೈಟರ್, ಪಿಡಿಎಫ್ ತೋರಿಸುವ ಅಟ್ರಿಲ್ ಈ ನಾಲ್ಕರ ಕಡತಗಳನ್ನು ಮನೆ ಫೋಲ್ಡರಿಗೆ ನಕಲು ಮಾಡಿ, ಕ್ಯಾಟಗರೀಸ್ ಸಾಲಿನ ಕೊನೆಗೆ ‘ಪ್ರಸಂಗ’ ಎಂದು ಸೇರಿಸಿದೆ. ಕಡತ ಸರಿಯಿದೆಯೇ ಎಂದು ನೋಡಲು ‘ಡೆಸ್ಕ್‌ಟಾಪ್-ಫೈಲ್-ವ್ಯಾಲಿಡೇಟ್’ ಎಂಬ ಆಜ್ಞೆ ಇದೆ. ಅದನ್ನು ಓಡಿಸಿದಾಗ, ನೋಂದಣಿಯಾಗದ ವರ್ಗದ ಹೆಸರು ‘ಎಕ್ಸ್’ ಅಕ್ಷರ ಮತ್ತು ಅಡ್ಡಗೆರೆಯಿಂದ ಶುರುವಾಗಬೇಕು ಎಂದು ತಪ್ಪು ತೋರಿಸಿತು. ‘ಎಕ್ಸ್-ಪ್ರಸಂಗ’ ಎಂದು ತಿದ್ದಿದೆ. ವರ್ಗಗಳ ನಡುವೆ ಅರ್ಧವಿರಾಮ, ಕೊನೆಯ ವರ್ಗದ ನಂತರವೂ ಅರ್ಧವಿರಾಮ.

ಇಷ್ಟಾದರೂ ಮೆನುವಿನಲ್ಲಿ ಹೊಸ ವಿಭಾಗ ಬರುವುದಿಲ್ಲ. ವರ್ಗ ಎಂಬುದು ಸಾಮಾನಿನ ಮೇಲೆ ಅಂಟಿಸಿದ ಗುರುತು ಮಾತ್ರ. ಆ ಗುರುತಿನ ಸಾಮಾನನ್ನು ಯಾವ ಕಪಾಟಿನಲ್ಲಿ ಇಡಬೇಕು ಎಂದು ಹೇಳುವ ಕಡತ ಬೇರೆ. ಎಕ್ಸ್‌ಎಫ್‌ಸಿಇಯಲ್ಲಿ ಅದರ ಹೆಸರು ‘ಎಕ್ಸ್‌ಎಫ್‌ಸಿಇ-ಅಪ್ಲಿಕೇಶನ್ಸ್ ಡಾಟ್ ಮೆನು’. ಮೂಲ ಪ್ರತಿ ‘ಇಟಿಸಿ’ ಒಳಗಿನ ‘ಎಕ್ಸ್‌ಡಿಜಿ’, ಅದರೊಳಗಿನ ‘ಮೆನುಸ್’ ಫೋಲ್ಡರಿನಲ್ಲಿದೆ. ಅದನ್ನು ಮುಟ್ಟಬಾರದು. ನಮ್ಮ ಪ್ರತಿಯನ್ನು ಮನೆ ಫೋಲ್ಡರಿನ ‘ಡಾಟ್ ಕಾನ್ಫಿಗ್’ ಒಳಗಿನ ‘ಮೆನುಸ್’ನಲ್ಲಿ ಇಡಬೇಕು. ಎಕ್ಸ್‌ಡಿಜಿ ಎನ್ನುವುದು ಫ್ರೀಡೆಸ್ಕ್‌ಟಾಪ್ ಯೋಜನೆಯ ಹಳೆಯ ಹೆಸರಾದ ‘ಎಕ್ಸ್ ಡೆಸ್ಕ್‌ಟಾಪ್ ಗ್ರೂಪ್’ನ ಮೊದಲಕ್ಷರಗಳು. 2000ದಲ್ಲಿ ಶುರುವಾದ ಆ ಯೋಜನೆಯ ಹೆಸರು ಇವತ್ತಿಗೂ ನಮ್ಮ ಫೋಲ್ಡರುಗಳ ಹೆಸರಿನಲ್ಲಿ ಉಳಿದುಕೊಂಡಿದೆ.

ಕಡತ ಎಕ್ಸ್‌ಎಂಎಲ್ ರೂಪದ್ದು, ಅಂದರೆ ತೆರೆಯುವ ಮುಚ್ಚುವ ಗುರುತುಗಳ ನಡುವೆ ಒಂದೊಂದು ಅಂಶವನ್ನು ಬರೆಯುವ ಪಠ್ಯ. ಹೊರಗಿನ ‘ಮೆನು’ ಅಂಶ, ಅದಕ್ಕೆ ‘ಎಕ್ಸ್‌ಎಫ್‌ಸಿಇ’ ಎಂಬ ಹೆಸರು. ಒಳಗೆ ನಮ್ಮ ವಿಭಾಗದ ಇನ್ನೊಂದು ‘ಮೆನು’, ಅದಕ್ಕೆ ಹೆಸರು, ‘ಇನ್‌ಕ್ಲೂಡ್’ ಒಳಗೆ ‘ಕ್ಯಾಟಗರಿ’ ಎಂದು ಎಕ್ಸ್-ಪ್ರಸಂಗ. ಇಷ್ಟು ಬರೆದು ಉಳಿಸಿದೆ. ಮೆನು ಒತ್ತಿದರೆ ಪೂರ್ತಿ ಖಾಲಿ! ಪ್ರಸಂಗವೂ ಇಲ್ಲ, ಆಫೀಸೂ ಇಲ್ಲ, ಏನೂ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾವ ಏನೂ ಹೇಳಲಿಲ್ಲ. ಆದರೆ ನನಗೆ ಬೆವರು ಬಂತು.

ಕಾರಣ ತಿಳಿದುಕೊಳ್ಳಬೇಕಾದದ್ದೇ. ಮನೆ ಫೋಲ್ಡರಿನ ಮೆನು ಕಡತ ಮೂಲ ಕಡತದ ಜೊತೆ ತಾನಾಗಿ ಕೂಡಿಕೊಳ್ಳುವುದಿಲ್ಲ, ಅದರ ಜಾಗವನ್ನೇ ಆಕ್ರಮಿಸುತ್ತದೆ. ಡಾಟ್ ಡೆಸ್ಕ್‌ಟಾಪ್ ಕಡತಗಳನ್ನು ಎಲ್ಲಿ ಹುಡುಕಬೇಕು ಎಂಬ ಸೂಚನೆಯೂ ಮೂಲ ಕಡತದಲ್ಲೇ ಇರುವುದರಿಂದ, ಅದು ತಪ್ಪಿದರೆ ನಮ್ಮ ವಿಭಾಗಕ್ಕೂ ಸಾಮಾನು ಸಿಗುವುದಿಲ್ಲ. ಸಾಮಾನಿಲ್ಲದ ವಿಭಾಗವನ್ನು ಮೆನು ತೋರಿಸುವುದೇ ಇಲ್ಲ. ಪರಿಹಾರ ಒಂದೇ ಸಾಲು: ಹೆಸರಿನ ಕೆಳಗೆ, ನಮ್ಮ ವಿಭಾಗಕ್ಕಿಂತ ಮೇಲೆ ‘ಮರ್ಜ್‌ಫೈಲ್’ ಎಂಬ ಅಂಶ, ಅದಕ್ಕೆ ‘ಟೈಪ್’ ಗುಣ ‘ಪೇರೆಂಟ್’, ಒಳಗೆ ಮೂಲ ಕಡತದ ಪೂರ್ಣ ವಿಳಾಸ. ಮೊದಲು ಮೂಲವನ್ನು ಪೂರ್ತಿ ತಂದುಕೋ, ಆಮೇಲೆ ನನ್ನದನ್ನು ಸೇರಿಸು ಎಂದು ಅದರ ಅರ್ಥ. ಈ ಕ್ರಮ ತಪ್ಪಬಾರದು. ಮೂಲದ ವಿಭಾಗದಿಂದ ಏನನ್ನಾದರೂ ತೆಗೆಯಬೇಕಿದ್ದರೆ ಆ ವಿಭಾಗ ಮೊದಲು ಬಂದಿರಬೇಕಲ್ಲ.

ಇನ್ನೊಮ್ಮೆ ಒತ್ತಿದೆ. ಎಲ್ಲವೂ ಮರಳಿತು, ಪ್ರಸಂಗವೂ ಬಂತು. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ, ಐಕಾನ್ ಇಲ್ಲದೆ. ವಿಭಾಗಕ್ಕೆ ಮುಖ ಕೊಡುವುದು ಮೂರನೆಯ ಬಗೆಯ ಕಡತ, ಡಾಟ್ ಡೈರೆಕ್ಟರಿ. ಅದರ ಜಾಗ ಡಾಟ್ ಲೋಕಲ್, ಶೇರ್, ‘ಡೆಸ್ಕ್‌ಟಾಪ್-ಡೈರೆಕ್ಟರೀಸ್’. ಮೆನು ಕಡತದಲ್ಲಿ ಬರೆಯುವ ಹೆಸರು ಒಳಗಿನ ಗುರುತು ಮಾತ್ರ. ಕಣ್ಣಿಗೆ ಕಾಣುವ ಹೆಸರು ಡಾಟ್ ಡೈರೆಕ್ಟರಿಯದ್ದು. ಎಕ್ಸ್‌ಎಫ್‌ಸಿಇಯ ಮೂಲ ಮೆನುವಿನಲ್ಲಿ ‘ನೆಟ್‌ವರ್ಕ್’ ಎಂಬ ವಿಭಾಗ ಪರದೆಯ ಮೇಲೆ ‘ಇಂಟರ್ನೆಟ್’ ಎಂದು ಕಾಣುವುದು ಇದೇ ಕಾರಣಕ್ಕೆ. ಅನುವಾದ ಇರುವಲ್ಲಿ ‘ನೇಮ್’ ಸಾಲಿಗೆ ಚೌಕ ಆವರಣದಲ್ಲಿ ಭಾಷೆಯ ಸಂಕೇತ ಹಾಕಿದ ಬೇರೆ ಸಾಲು ಸೇರಿಸುತ್ತಾರೆ. ಮಾವನ ಯಂತ್ರ ಇಂಗ್ಲಿಷ್ ಲೊಕೇಲ್‌ನಲ್ಲೇ (ಭಾಷೆಯ ಹೊಂದಿಕೆಯಲ್ಲೇ) ಇದೆ, ಅವರಿಗೆ ಅದು ರೂಢಿಯಾಗಿದೆ. ಹಾಗಾಗಿ ಸಂಕೇತವಿಲ್ಲದ ನೇಮ್ ಸಾಲಿನಲ್ಲೇ ನೇರವಾಗಿ ‘ಪ್ರಸಂಗ’ ಎಂದು ಕನ್ನಡದಲ್ಲಿ ಬರೆದೆ. ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿದ್ದರೆ ಸಾಕು, ಅಡ್ಡಿಯಿಲ್ಲ.

ಐಕಾನ್ ವಿಷಯದಲ್ಲಿ ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಳೆದೆ, ಅದಕ್ಕೆ ಬೇಸರವಿಲ್ಲ. ಮಾವನ ಮನೆಯ ಗೋಡೆಯಲ್ಲಿ ಬಡಗುತಿಟ್ಟಿನ ಮುಂಡಾಸಿನ ದೊಡ್ಡ ಫೋಟೊ ಇದೆ. ಅದನ್ನು ಮೊಬೈಲಿನಲ್ಲಿ ತೆಗೆದು, ಕತ್ತರಿಸಿ, ಕಿರಿದು ಮಾಡಿ ಹಾಕಿದೆ. ಮೆನುವಿನಲ್ಲಿ ಐಕಾನಿಗೆ ಸಿಗುವ ಜಾಗ ಹದಿನಾರು ಪಿಕ್ಸೆಲ್ ಅಗಲ, ಹದಿನಾರು ಎತ್ತರ. ಅಷ್ಟರಲ್ಲಿ ಮುಂಡಾಸು ಕರಿ ಚುಕ್ಕೆಯಾಯಿತು. ಜರಿಪಟ್ಟಿ, ಬಣ್ಣ ಯಾವುದೂ ಉಳಿಯಲಿಲ್ಲ. ಆಮೇಲೆ ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶ ತೆರೆದು ಕಮಲದ ಮೊಗ್ಗಿನಂಥ ಹೊರಗೆರೆ ಮಾತ್ರ ಕಪ್ಪು ತುಂಬಿ ಬರೆದೆ, ಅದರ ಮೇಲೆ ಓರೆಯಾಗಿ ಎರಡೇ ಎರಡು ಹಳದಿ ಪಟ್ಟಿ. ಮೂರನೆಯ ಪಟ್ಟಿ ಸೇರಿಸಿ ನೋಡಿದೆ, ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡವು, ತೆಗೆದೆ. ಎಸ್‌ವಿಜಿ ಎಂಬ ರೇಖಾಚಿತ್ರದ ಕಡತವಾಗಿ ಉಳಿಸಿ, ‘ಐಕಾನ್’ ಸಾಲಿನಲ್ಲಿ ಅದರ ಪೂರ್ಣ ವಿಳಾಸ ಕೊಟ್ಟೆ. ಮಾವ ಕನ್ನಡಕ ಏರಿಸಿ ಹತ್ತಿರದಿಂದ ನೋಡಿ, ‘ಇದು ಮುಂಡಾಸು’ ಎಂದರು. ನಾನು ಹೇಳಿರಲಿಲ್ಲ.

ಹೀಗೆ ಒಂದು ವರ್ಷ ನಡೆಯಿತು. 2025ರ ಆಗಸ್ಟಿನಲ್ಲಿ ಡೆಬಿಯನ್ 13 ಬಂತು. ದೀಪಾವಳಿಗೆ ಹೋದಾಗ ಮೇಲ್ದರ್ಜೆಗೆ ಏರಿಸಿಕೊಟ್ಟೆ. ಎಕ್ಸ್‌ಎಫ್‌ಸಿಇ 4.20 ಆಯಿತು, ಗಿಂಪ್ 2.10ರಿಂದ 3.0ಗೆ ಹೋಯಿತು. ಮರುದಿನ ಬೆಳಿಗ್ಗೆ ಮಾವ ಹೇಳಿದರು: ‘ನರಿಯ ಮುಖ ಕಾಣುತ್ತಿಲ್ಲ.’ ಪ್ರಸಂಗ ವಿಭಾಗದಲ್ಲಿ ಇಲ್ಲ. ಗ್ರಾಫಿಕ್ಸ್‌ನಲ್ಲೂ ಇಲ್ಲ. ಆಜ್ಞೆ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಗಿಂಪ್ ಎಂದು ಬರೆದರೆ ಸಲೀಸಾಗಿ ತೆರೆಯುತ್ತದೆ.

ದೋಷ ನನ್ನ ನಕಲಿನಲ್ಲಿತ್ತು. ಡೆಬಿಯನ್ 12ರ ಗಿಂಪ್ ಕಡತದಲ್ಲಿ ‘ಟ್ರೈಎಕ್ಸೆಕ್’ ಎಂಬ ಸಾಲಿನಲ್ಲಿ ‘ಗಿಂಪ್-2.10’ ಎಂದಿದೆ. ಆ ಹೆಸರಿನ ಆಜ್ಞೆ ಯಂತ್ರದಲ್ಲಿ ಇಲ್ಲದಿದ್ದರೆ ಈ ನಮೂದನ್ನು ತೋರಿಸಬೇಡ ಎಂದು ಆ ಸಾಲಿನ ಅರ್ಥ. ಹೊಸ ಆವೃತ್ತಿಯಲ್ಲಿ ಆ ಆಜ್ಞೆ ಹೋಯಿತು. ವ್ಯವಸ್ಥೆಯ ಕಡತ ಹೊಸದಾಯಿತು, ನಾನು ಮನೆ ಫೋಲ್ಡರಿನಲ್ಲಿಟ್ಟ ನಕಲು ಹಳೆಯದಾಗಿಯೇ ಉಳಿಯಿತು. ಅದೇ ಹೆಸರಿನದಾದ್ದರಿಂದ ಹೊಸದರ ಮೇಲೆ ನೆರಳಿನಂತೆ ಕುಳಿತು ಎರಡು ಕಡೆಯೂ ಗಿಂಪನ್ನು ಮರೆಮಾಡಿತು. ಎಚ್ಚರಿಕೆಯಿಲ್ಲ, ದೋಷದ ಸಂದೇಶವಿಲ್ಲ, ಸುಮ್ಮನೆ ಮಾಯ. ಮೆನು ತಿದ್ದುವವರು ನಕಲು ಮಾಡುವ ಈ ದಾರಿಯನ್ನು ಬಿಡಬೇಕು ಎಂದು ನಾನು ಒತ್ತಿ ಹೇಳುವುದು ಈ ಅನುಭವದಿಂದ. ತಪ್ಪು ತಕ್ಷಣ ಕಾಣುವುದಿಲ್ಲ. ವರ್ಷದ ಮೇಲೆ, ಸರಿಪಡಿಸಲು ಗೊತ್ತಿಲ್ಲದವರ ಮುಂದೆ ಕಾಣುತ್ತದೆ.

ನಾಲ್ಕೂ ನಕಲುಗಳನ್ನು ಅಳಿಸಿದೆ. ಅವುಗಳ ಬದಲಿಗೆ ಹೊಸ ಹೆಸರಿನ, ನಮ್ಮದೇ ಆದ ಡಾಟ್ ಡೆಸ್ಕ್‌ಟಾಪ್ ಕಡತಗಳನ್ನು ಬರೆದೆ. ಒಂದೊಂದರಲ್ಲೂ ಐದಾರು ಸಾಲು, ಅಷ್ಟೇ: ಟೈಪ್ ಅಪ್ಲಿಕೇಶನ್, ಕನ್ನಡದಲ್ಲಿ ನೇಮ್, ಐಕಾನ್, ಓಡಿಸಬೇಕಾದ ಆಜ್ಞೆಯ ಎಕ್ಸೆಕ್, ಕ್ಯಾಟಗರೀಸ್‌ನಲ್ಲಿ ಎಕ್ಸ್-ಪ್ರಸಂಗ. ಎಕ್ಸೆಕ್‌ನಲ್ಲಿ ಆವೃತ್ತಿಯ ಸಂಖ್ಯೆ ಇಲ್ಲದ ಆಜ್ಞೆ ಮಾತ್ರ. ಮೂಲ ನಮೂದುಗಳು ತಮ್ಮ ತಮ್ಮ ಜಾಗದಲ್ಲಿ ಇದ್ದ ಹಾಗೆಯೇ ಇವೆ. ಅವುಗಳಿಗೆ ಬರುವ ಬದಲಾವಣೆ ಅವುಗಳಿಗೆ, ನಮ್ಮದು ನಮಗೆ.

ಈ ದಾರಿಯಿಂದ ಇನ್ನೊಂದು ಲಾಭವಾಯಿತು, ನನ್ನ ಪಾಲಿಗೆ ಅದೇ ದೊಡ್ಡದು. ನಮೂದು ನಮ್ಮದೇ ಆದ್ದರಿಂದ ಅದರ ಹೆಸರು ತಂತ್ರಾಂಶದ ಹೆಸರಾಗಿರಬೇಕಿಲ್ಲ, ಕೆಲಸದ ಹೆಸರಾಗಬಹುದು. ಹೆಸರಿಡುವ ಕೆಲಸವನ್ನು ಮಾವನಿಗೇ ಬಿಟ್ಟೆ. ಅವರು ಜಗಲಿಯಲ್ಲಿ ಕುಳಿತು ಯೋಚಿಸಿ ಬರೆದುಕೊಟ್ಟರು: ‘ಪುಟ ತೆಗೆಯುವುದು’, ‘ಅಂಚು ಸವರುವುದು’, ‘ಅಚ್ಚಿನ ಪುಟ ಓದಿಸುವುದು’, ‘ಹೊಸ ಪ್ರಸಂಗ’, ‘ಕಪಾಟು’. ಮೂರನೆಯದು ಟೆಸರಾಕ್ಟ್ ಬಳಸುವ ಓಸಿಆರ್. ಅದಕ್ಕೆ ಕನ್ನಡದ ದತ್ತಾಂಶ ‘ಟೆಸರಾಕ್ಟ್-ಓಸಿಆರ್-ಕೆಎಎನ್’ ಎಂಬ ಪ್ಯಾಕೇಜಿನಲ್ಲಿ ಸಿಗುತ್ತದೆ. ಅಜ್ಜನ ಕೈಬರಹಕ್ಕೆ ಅದು ಒದಗುವುದಿಲ್ಲ, ಹಳೆಯ ಅಚ್ಚಿನ ಪ್ರಸಂಗ ಪುಸ್ತಕಗಳಿಗೆ ಸಾಕಷ್ಟು ನೆರವಾಗುತ್ತದೆ. ‘ಅಚ್ಚಿನ’ ಎಂಬ ಮಾತನ್ನು ಮಾವ ಹೆಸರಿನಲ್ಲೇ ಸೇರಿಸಿದ್ದು ಅದಕ್ಕೇ. ನನಗೆ ಆ ಜಾಣತನ ಹೊಳೆಯುತ್ತಿರಲಿಲ್ಲ.

‘ಹೊಸ ಪ್ರಸಂಗ’ ಒತ್ತಿದರೆ ರೈಟರ್‌ನಲ್ಲಿ ಖಾಲಿ ಪುಟ ತೆರೆದರೆ ಸಾಲದು. ರಾಗತಾಳದ ತಲೆಬರಹ ಮಧ್ಯಕ್ಕೆ, ಪದ್ಯ ಒಳಸರಿದು, ಕಂದ, ವಾರ್ಧಕ, ಭಾಮಿನಿಗಳಿಗೆ ಬೇರೆ ಬೇರೆ ಶೈಲಿ, ಹೀಗೆ ಒಂದು ಟೆಂಪ್ಲೇಟ್ ಮಾಡಿಟ್ಟಿದ್ದೆವು. ಲಿಬ್ರೆಆಫೀಸ್ ಆಜ್ಞೆಗೆ ಅಡ್ಡಗೆರೆ ‘ಎನ್’ ಸೇರಿಸಿ ಟೆಂಪ್ಲೇಟಿನ ವಿಳಾಸ ಕೊಟ್ಟರೆ ಅದರ ಆಧಾರದ ಮೇಲೆ ಹೊಸ ದಾಖಲೆ ತೆರೆಯುತ್ತದೆ, ಮೂಲ ಟೆಂಪ್ಲೇಟ್ ಹಾಳಾಗುವುದಿಲ್ಲ. ಟರ್ಮಿನಲ್‌ನಲ್ಲಿ ಪರೀಕ್ಷಿಸಿದಾಗ ಸರಿಯಾಗಿ ನಡೆಯಿತು. ಅದೇ ಸಾಲನ್ನು ಎಕ್ಸೆಕ್‌ಗೆ ಹಾಕಿ ಮೆನುವಿನಿಂದ ಒತ್ತಿದರೆ, ಕಡತ ಇಲ್ಲ ಎಂಬ ಸಂದೇಶ. ಮನೆ ಫೋಲ್ಡರನ್ನು ಸೂಚಿಸುವ ಅಲೆಗೆರೆಯ ಚಿಹ್ನೆಯನ್ನು ಬಿಡಿಸಿ ಪೂರ್ಣ ವಿಳಾಸ ಮಾಡುವುದು ಟರ್ಮಿನಲ್‌ನಲ್ಲಿ ಆಜ್ಞೆಗಳನ್ನು ಓದಿ ನಡೆಸುವ ಶೆಲ್‌ನ ಕೆಲಸ. ಎಕ್ಸೆಕ್ ಸಾಲು ಶೆಲ್ ಮೂಲಕ ಹೋಗುವುದಿಲ್ಲ. ‘ಹೋಮ್’ನಿಂದ ಶುರುವಾಗುವ ಪೂರ್ಣ ವಿಳಾಸ ಬರೆದ ಮೇಲೆ ತೆರೆಯಿತು. ‘ಕಪಾಟು’ ಎಂಬುದಕ್ಕೂ ಹಾಗೆಯೇ, ಫೋಲ್ಡರ್ ತೆರೆಯುವ ಥುನಾರ್ ಆಜ್ಞೆಯ ಮುಂದೆ ಪ್ರಸಂಗಗಳ ಫೋಲ್ಡರಿನ ಪೂರ್ಣ ವಿಳಾಸ.

ಉಳಿದದ್ದು ಕ್ರಮ. ಏನೂ ಹೇಳದಿದ್ದರೆ ಮೆನು ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುತ್ತದೆ. ಹಾಗಾಗಿ ‘ಅಂಚು ಸವರುವುದು’ ಎಲ್ಲಕ್ಕಿಂತ ಮೇಲೆ ಬಂತು, ‘ಪುಟ ತೆಗೆಯುವುದು’ ಕೆಳಗೆ ಹೋಯಿತು. ಪುಟ ತೆಗೆಯದೆ ಅಂಚು ಸವರುವುದು ಹೇಗೆ? ಮೆನು ಕಡತದಲ್ಲಿ ನಮ್ಮ ವಿಭಾಗದೊಳಗೆ ‘ಲೇಔಟ್’ ಎಂಬ ಅಂಶ ಸೇರಿಸಿ, ಅದರೊಳಗೆ ಒಂದೊಂದು ಕಡತದ ಹೆಸರನ್ನೂ ‘ಫೈಲ್‌ನೇಮ್’ ಅಂಶದಲ್ಲಿ ಕೆಲಸದ ಕ್ರಮಕ್ಕೆ ಬರೆದೆ. ‘ಹೊಸ ಪ್ರಸಂಗ’ದ ಕೆಳಗೆ ‘ಸೆಪರೇಟರ್’, ಅಂದರೆ ಒಂದು ಗೆರೆ. ಅದರ ಕೆಳಗೆ ಕಪಾಟು. ಈಗ ಮೇಲಿನಿಂದ ಕೆಳಗೆ ಓದಿದರೆ ಮಾವನ ಬೆಳಗಿನ ಕೆಲಸದ ಪಟ್ಟಿಯೇ ಅದು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಈ ಏಳೆಂಟು ಸಾಲುಗಳು.

ಪ್ರಸಂಗ ವಿಭಾಗವೇ ಮೆನುವಿನ ತುದಿಯಲ್ಲಿರಲಿ ಎಂದು ಹೊರಗಿನ ಮೆನುವಿಗೂ ಒಂದು ಲೇಔಟ್ ಬರೆದೆ: ಮೊದಲು ‘ಮೆನುನೇಮ್’ನಲ್ಲಿ ನಮ್ಮ ವಿಭಾಗ, ಗೆರೆ, ಆಮೇಲೆ ‘ಮರ್ಜ್’ ಅಂಶದಲ್ಲಿ ಉಳಿದ ಎಲ್ಲವೂ. ವಿಭಾಗ ಮೇಲೇರಿತು, ಆದರೆ ‘ಲಾಗ್ ಔಟ್’ ಪಟ್ಟಿಯ ನಡುವೆ ಬಂದು ಕುಳಿತಿತು. ನಮ್ಮ ಲೇಔಟ್ ಮೂಲದ ಲೇಔಟನ್ನು ಪೂರ್ತಿ ಬದಲಿಸುತ್ತದೆ, ಮೂಲದಲ್ಲಿ ಅದನ್ನು ಕೊನೆಗೆ ಇಟ್ಟಿದ್ದ ಏರ್ಪಾಡೂ ಅದರ ಜೊತೆ ಹೋಗುತ್ತದೆ. ಮೂಲ ಕಡತದಿಂದ ಅದರ ಕಡತದ ಹೆಸರನ್ನು ನೋಡಿಕೊಂಡು ನಮ್ಮ ಲೇಔಟಿನ ಕೊನೆಗೆ ಸೇರಿಸಿದೆ. ಈ ನಡುವೆ ಒಮ್ಮೆ ಮುಚ್ಚುವ ಗುರುತಿನ ಓರೆಗೆರೆ ಬಿಟ್ಟುಹೋಗಿ ಮೆನು ತೆರೆಯಲೇ ಇಲ್ಲ. ಅಲ್ಲಿಂದ ಮುಂದೆ ಪ್ರತಿ ಸಲ ಉಳಿಸಿದ ಕೂಡಲೇ, ಕಡತವನ್ನು ಪರೀಕ್ಷಿಸುವ ‘ಎಕ್ಸ್‌ಎಂಎಲ್‌ಲಿಂಟ್’ ಆಜ್ಞೆಗೆ ‘ನೋಔಟ್’ ಸೇರಿಸಿ ಓಡಿಸಿ ನೋಡಿದೆ. ಅದು ಏನೂ ಹೇಳದಿದ್ದರೆ ಕಡತದ ಎಕ್ಸ್‌ಎಂಎಲ್ ರಚನೆ ಸರಿಯಿದೆ. ಬದಲಾವಣೆ ಕಾಣದಿದ್ದರೆ ‘ಎಕ್ಸ್‌ಎಫ್‌ಸಿಇ4-ಪ್ಯಾನೆಲ್’ ಆಜ್ಞೆಗೆ ಅಡ್ಡಗೆರೆ ‘ಆರ್’ ಹಾಕಿ ಮೆನು ಇರುವ ಫಲಕವನ್ನು ಮತ್ತೆ ಎಬ್ಬಿಸಬೇಕು.

ಸಿಸ್ಟಮ್ ವಿಭಾಗದಲ್ಲಿ ಎಕ್ಸ್‌ಟರ್ಮ್, ಯುಎಕ್ಸ್‌ಟರ್ಮ್ ಎಂಬ ಎರಡು ಹೆಚ್ಚುವರಿ ಟರ್ಮಿನಲ್‌ಗಳಿದ್ದವು. ಮಾವ ತಪ್ಪಿ ಒತ್ತಿ ಬಿಳಿ ಕಿಟಕಿ ತೆರೆದು ಗಾಬರಿಯಾಗಿದ್ದುಂಟು. ಸಿಸ್ಟಮ್ ವಿಭಾಗಕ್ಕೆ ‘ಎಕ್ಸ್‌ಕ್ಲೂಡ್’ ಬರೆದು ತೆಗೆದರೆ ಅವು ‘ಇತರೆ’ ವಿಭಾಗದಲ್ಲಿ ಪ್ರತ್ಯಕ್ಷವಾದವು. ಬೇರೆ ಯಾವ ವಿಭಾಗಕ್ಕೂ ಸೇರದ್ದನ್ನೆಲ್ಲ ಎತ್ತಿಕೊಳ್ಳುವಂತೆ ‘ಓನ್ಲಿಅನ್‌ಅಲೊಕೇಟೆಡ್’ ಎಂಬ ಗುರುತಿನಿಂದ ಆ ವಿಭಾಗವನ್ನು ಕಟ್ಟಿದ್ದಾರೆ. ಒಂದು ಮನೆಯಿಂದ ಹೊರಹಾಕಿದವರಿಗೆ ಅದು ಧರ್ಮಶಾಲೆ. ‘ಇತರೆ’ಯ ಮೇಲೂ ಅದೇ ಎಕ್ಸ್‌ಕ್ಲೂಡ್ ಬರೆದ ಮೇಲೆ ಮರೆಯಾದವು. ಕಡತವನ್ನು ನಕಲಿಸಿ ‘ನೋಡಿಸ್‌ಪ್ಲೇ’ ಸಾಲು ಹಾಕಿಯೂ ಇದನ್ನು ಮಾಡಬಹುದು, ಆದರೆ ಮತ್ತೆ ನಕಲಿನ ದಾರಿಗೆ ಹೋಗಲು ನನಗೆ ಮನಸ್ಸಾಗಲಿಲ್ಲ.

ತಾಳಮದ್ದಲೆಯ ಧ್ವನಿಮುದ್ರಣಕ್ಕೆ ಇದೇ ಮಾದರಿಯಲ್ಲಿ ಎರಡನೆಯ ವಿಭಾಗ ಮಾಡಿದೆ: ಧ್ವನಿ ಮುದ್ರಿಸುವ ಆಡಾಸಿಟಿ, ಕೇಳಿಸುವ ವಿಎಲ್‌ಸಿ, ಧ್ವನಿಗಳ ಫೋಲ್ಡರ್. ಅರ್ಧ ಗಂಟೆಯ ಕೆಲಸ.

ಮಾವನ ಸ್ನೇಹಿತರಾದ ಭಾಗವತರೊಬ್ಬರು ಇದನ್ನು ನೋಡಿ ತಮ್ಮ ಯಂತ್ರಕ್ಕೂ ಬೇಕೆಂದರು. ಅವರದ್ದೂ ಡೆಬಿಯನ್ 13, ಎಕ್ಸ್‌ಎಫ್‌ಸಿಇ. ಒಂದು ಮೆನು ಕಡತ, ಎರಡು ಡಾಟ್ ಡೈರೆಕ್ಟರಿ, ಎಂಟು ಡಾಟ್ ಡೆಸ್ಕ್‌ಟಾಪ್, ಒಂದು ಟೆಂಪ್ಲೇಟ್, ಮುಂಡಾಸಿನ ಎಸ್‌ವಿಜಿ, ಎಲ್ಲವೂ ಪೆನ್‌ಡ್ರೈವ್‌ನ ಒಂದು ಮೂಲೆಯಲ್ಲಿ ಹಿಡಿಸಿದವು. ಅವರ ಯಂತ್ರದಲ್ಲಿ ಬದಲಿಸಬೇಕಾಗಿದ್ದು ಪೂರ್ಣ ವಿಳಾಸಗಳಲ್ಲಿದ್ದ ಮಾವನ ಬಳಕೆದಾರ ಹೆಸರು ಮಾತ್ರ. ಭಾಗವತರು ಇನ್ನೊಂದು ಬದಲಾವಣೆ ಕೇಳಿದರು. ಅವರಿಗೆ ದಿನದ ಮೊದಲ ಕೆಲಸ ಹಳೆಯ ಮುದ್ರಣ ಕೇಳುವುದು. ಹಾಗಾಗಿ ‘ತಾಳಮದ್ದಲೆ’ ಮೇಲೆ, ‘ಪ್ರಸಂಗ’ ಕೆಳಗೆ. ಲೇಔಟಿನಲ್ಲಿ ಎರಡು ಸಾಲು ಅದಲುಬದಲು ಮಾಡಿಕೊಟ್ಟೆ.